ಓಸ್ಲೊ: ನಿಲ್ಲುವ ಊರೇ, ದಾಟಿ ಹೋಗುವ ಊರೇ?

ಸ್ಕ್ಯಾಂಡಿನೇವಿಯಾದ ಪ್ಯಾಕೇಜ್ ಟೂರುಗಳಲ್ಲಿ ಓಸ್ಲೊದ ಪಾಲಿಗೆ ಸಾಮಾನ್ಯವಾಗಿ ಸಿಗುವುದು ಒಂದು ಹಗಲು, ಕೆಲವೊಮ್ಮೆ ಅರ್ಧ ಹಗಲು. ಹಿಂದಿನ ಸಂಜೆ ಕೋಪನ್‌ಹೇಗನ್‌ನಲ್ಲಿ ಹಡಗು ಹತ್ತಿದವರು ಬೆಳಗ್ಗೆ ನಾರ್ವೆಯ ರಾಜಧಾನಿಯಲ್ಲಿ ಇಳಿಯುತ್ತಾರೆ. ಬಸ್ಸು ಅವರನ್ನು ವಿಗೆಲಾಂಡ್ ಶಿಲ್ಪೋದ್ಯಾನಕ್ಕೆ ಕರೆದೊಯ್ಯುತ್ತದೆ, ಒಪೇರಾ ಭವನದ ಮುಂದೆ ಫೋಟೊಗೆಂದು ನಿಲ್ಲುತ್ತದೆ, ಅರಮನೆಯನ್ನೂ ಪುರಭವನವನ್ನೂ ಕಿಟಕಿಯಿಂದಲೇ ತೋರಿಸಿ ಪಶ್ಚಿಮದ ಬೆಟ್ಟಗಳ ಕಡೆ ಹೊರಟುಬಿಡುತ್ತದೆ. ಮುಂದಿನದೆಲ್ಲ ಫ್ಲಾಮ್‌ನ ಬೆಟ್ಟದ ರೈಲು, ಫಿಯೋರ್ಡ್ ಎಂಬ ಕಡಲಕೊಲ್ಲಿಗಳಲ್ಲಿ ದೋಣಿ, ಜಲಪಾತ. ಸ್ವಂತ ಏರ್ಪಾಡಿನಲ್ಲಿ ಹೋಗುವವರಲ್ಲೂ ಹಲವರು ಓಸ್ಲೊ ವಿಮಾನ ನಿಲ್ದಾಣದ ಹೊರಗೆ ಕಾಲಿಡದೆ ಅಲ್ಲಿಂದಲೇ ಪಶ್ಚಿಮ ಕರಾವಳಿಯ ಬರ್ಗನ್‌ಗೆ ಇನ್ನೊಂದು ವಿಮಾನ ಹಿಡಿಯುತ್ತಾರೆ.

ನಾರ್ವೆಗೆಂದು ಒಂದು ವಾರ, ಹತ್ತು ದಿನ ಹೊಂದಿಸಿಕೊಂಡವರು ಅದರಲ್ಲಿ ಎರಡು ದಿನವನ್ನು ರಾಜಧಾನಿಗೆ ಕೊಡಬೇಕೆ? ಇಳಿದ ಕೂಡಲೇ ಫಿಯೋರ್ಡ್‌ಗಳ ದಾರಿ ಹಿಡಿಯುವುದೇ ಮೇಲೆ? ಹೋಗಿಬಂದವರಲ್ಲಿ ಎರಡು ಬಣಗಳಿವೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ತಕ್ಕಡಿ ಒಂದು ಕಡೆಗೆ ವಾಲುತ್ತದೆ ಎಂಬುದು ಈ ಲೇಖನದ ಅಭಿಪ್ರಾಯ.

ಪರ: ಎರಡು ದಿನವಾದರೂ ನಿಲ್ಲಲೇಬೇಕು

ವಿಗೆಲಾಂಡ್ ಉದ್ಯಾನದಿಂದಲೇ ಶುರುಮಾಡಬಹುದು, ಏಕೆಂದರೆ ಎಲ್ಲ ಪ್ರವಾಸಿಗಳೂ ನೋಡಿದೆವೆಂದು ಹೇಳುವ ಜಾಗ ಅದು. ಬಸ್ಸು ಅಲ್ಲಿ ನಿಲ್ಲುವ ಹೊತ್ತಿನಲ್ಲಿ ಸೇತುವೆಯ ಮೇಲೆ ಕಾಲು ಅಪ್ಪಳಿಸುತ್ತ ರಚ್ಚೆ ಹಿಡಿದಿರುವ ಕಂಚಿನ ಹುಡುಗನ ಪಕ್ಕ ಒಂದು ಫೋಟೊ ಆಗುತ್ತದೆ, ಏಕಶಿಲಾ ಸ್ತಂಭದ ಬುಡದವರೆಗೆ ಹೋಗಿ ಬರಲಾಗುತ್ತದೆ. ಅಷ್ಟಕ್ಕೇ ಮುಗಿಯುವ ತೋಟವಲ್ಲ ಅದು. ಅಲ್ಲಿರುವ ಇನ್ನೂರಕ್ಕೂ ಹೆಚ್ಚು ಶಿಲ್ಪಗಳು ಗುಸ್ತಾವ್ ವಿಗೆಲಾಂಡ್ ಎಂಬ ಒಬ್ಬನೇ ಶಿಲ್ಪಿಯ ಕಲ್ಪನೆ. ಅವನ ಹಳೆಯ ಕಾರ್ಯಾಗಾರವಿದ್ದ ಜಾಗ ಗ್ರಂಥಾಲಯ ಕಟ್ಟಲು ನಗರಕ್ಕೆ ಬೇಕಾಗಿತ್ತು. ಬಹಳ ಎಳೆದಾಟದ ನಂತರ 1921ರಲ್ಲಿ ಒಂದು ಒಪ್ಪಂದವಾಯಿತು: ನಗರ ಅವನಿಗೆ ಹೊಸದೊಂದು ಕಾರ್ಯಾಗಾರವನ್ನೂ ಮನೆಯನ್ನೂ ಕಟ್ಟಿಕೊಡಬೇಕು, ಅವನು ತನ್ನ ಕೃತಿಗಳನ್ನೆಲ್ಲ ನಗರಕ್ಕೆ ಬಿಟ್ಟುಕೊಡಬೇಕು. ಎರಡೂ ಕಡೆಯವರು ಮಾತು ಉಳಿಸಿಕೊಂಡರು. 1943ರಲ್ಲಿ ಸಾಯುವ ತನಕ ವಿಗೆಲಾಂಡ್ ಅದೇ ಕಟ್ಟಡದಲ್ಲಿ ದುಡಿದ. ತೋಟದ ನಡುವಿನ ಸ್ತಂಭ 14 ಮೀಟರಿಗೂ ಎತ್ತರದ ಒಂದೇ ಗ್ರಾನೈಟ್ ಕಲ್ಲು. ಅದರ ಮೈತುಂಬ ಒಬ್ಬರ ಮೇಲೊಬ್ಬರು ಏರುತ್ತಿರುವ 121 ಮಾನವಾಕೃತಿಗಳು. ಅವನು ಮಾಡಿಕೊಟ್ಟ ಮಾದರಿಯನ್ನು ಕಲ್ಲಿಗಿಳಿಸಲು ಮೂವರು ಕಲ್ಲುಕುಟಿಗರಿಗೆ ಹದಿನಾಲ್ಕು ವರ್ಷ ಹಿಡಿಯಿತು.

ಅಲ್ಲಿ ಕುದುರೆಯೇರಿದ ಸೇನಾನಿಯಿಲ್ಲ, ಕಿರೀಟ ಹೊತ್ತ ರಾಜನಿಲ್ಲ. ಮಗುವನ್ನು ಎತ್ತಿ ಆಡಿಸುವ ಅಪ್ಪ, ಮುನಿಸಿಕೊಂಡು ನಿಂತ ಜೋಡಿ, ಒಬ್ಬರಿಗೊಬ್ಬರು ಒರಗಿ ಕುಳಿತ ವೃದ್ಧರು, ಯಾರ ಮೈಮೇಲೂ ಬಟ್ಟೆಯಿಲ್ಲ. ತೋಟ ಹಗಲೂ ರಾತ್ರಿಯೂ ತೆರೆದಿರುತ್ತದೆ, ಟಿಕೆಟ್ ಇಲ್ಲ. ಒಳ್ಳೆಯದನ್ನು ಊರಿನ ಎಲ್ಲರಿಗೂ ಸಿಗುವ ಹಾಗೆ ಇಟ್ಟಿರುವುದು ಓಸ್ಲೊದ ದೊಡ್ಡ ಗುಣ. ಆ ಗುಣ ಒಂದು ಹಗಲಿನ ಬಸ್ ಓಡಾಟದಲ್ಲಿ ಕಣ್ಣಿಗೆ ಬೀಳುವಂಥದ್ದಲ್ಲ.

ಚಿತ್ರಕಾರ ಎಡ್ವರ್ಡ್ ಮುಂಕ್ ಕೂಡ ವಿಗೆಲಾಂಡ್‌ನ ಹಾಗೆಯೇ ಮಾಡಿದ. 1940ರಲ್ಲಿ, ನಾಜಿ ಸೇನೆ ನಾರ್ವೆಗೆ ನುಗ್ಗಿದ ವರ್ಷ, ತನ್ನಲ್ಲಿ ಉಳಿದಿದ್ದ ಸಾವಿರಾರು ಕೃತಿಗಳನ್ನು ಓಸ್ಲೊ ನಗರಕ್ಕೆ ಉಯಿಲು ಬರೆದಿಟ್ಟ. ಅವುಗಳಿಗಾಗಿ ನೀರಿನಂಚಿನಲ್ಲಿ ಕಟ್ಟಿದ ಹದಿಮೂರು ಅಂತಸ್ತಿನ ಹೊಸ ಮ್ಯೂಸಿಯಂ 2021ರ ಅಕ್ಟೋಬರ್‌ನಲ್ಲಿ ತೆರೆಯಿತು. ಅವನ ‘ಸ್ಕ್ರೀಮ್’ ಚಿತ್ರದ ಬೇರೆ ಬೇರೆ ರೂಪಗಳನ್ನು ಅಲ್ಲಿ ಸರದಿಯ ಮೇಲೆ ತೋರಿಸುತ್ತಾರೆ. ಕಾಗದ ಮತ್ತು ಬಣ್ಣ ಬೆಳಕಿಗೆ ಮಾಸದಿರಲೆಂದು ಉಳಿದವು ಕತ್ತಲಲ್ಲಿ ವಿಶ್ರಾಂತಿ ಪಡೆಯುತ್ತವೆ. ಹೆಚ್ಚು ಹೆಸರಾದ 1893ರ ಚಿತ್ರವಿರುವುದು ಇಲ್ಲಲ್ಲ, 2022ರ ಜೂನ್‌ನಲ್ಲಿ ತೆರೆದ ರಾಷ್ಟ್ರೀಯ ಮ್ಯೂಸಿಯಂನಲ್ಲಿ. ಅದರ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಸಣ್ಣದೊಂದು ಸಾಲಿದೆ; ಇದನ್ನು ಬರೆದವನು ಹುಚ್ಚನೇ ಇರಬೇಕು ಎಂಬ ಅರ್ಥದ್ದು. ಯಾರೋ ಕಿಡಿಗೇಡಿ ಗೀಚಿದ್ದೆಂದು ಬಹುಕಾಲ ನಂಬಿದ್ದ ಆ ಸಾಲು ಮುಂಕ್‌ನ ಕೈಬರಹವೇ ಎಂದು 2021ರಲ್ಲಿ ಮ್ಯೂಸಿಯಂ ತಜ್ಞರು ಇನ್ಫ್ರಾರೆಡ್ ಛಾಯಾಚಿತ್ರಗಳ ನೆರವಿನಿಂದ ತೀರ್ಮಾನಿಸಿದರು. ಚಿತ್ರ ನೋಡಿದ ದಿನವೇ ಟ್ರಾಮ್ ಹತ್ತಿ ಏಕೆಬರ್ಗ್ ಗುಡ್ಡಕ್ಕೆ ಹೋದರೆ ಅದರ ಹಿನ್ನೆಲೆಯಲ್ಲಿ ಮುಂಕ್ ಬರೆದ ಕೊಲ್ಲಿಯ ನೋಟ ಕೆಳಗೆ ಹರಡಿಕೊಂಡಿರುತ್ತದೆ.

ಮುಂಕ್ ಮ್ಯೂಸಿಯಂ ಇರುವ ಬ್ಯೋರ್‌ವಿಕಾ ಬಂದರಿನ ಕಥೆ ಯಾವ ನಗರದವರಾದರೂ ಗಮನಿಸಬೇಕಾದದ್ದು. ಕೆಲವೇ ದಶಕಗಳ ಹಿಂದೆ ಅದು ಕಂಟೇನರುಗಳ ಅಂಗಳ, ನಡುವೆ ವಾಹನ ಕಿಕ್ಕಿರಿದ ಹೆದ್ದಾರಿ. 2008ರಲ್ಲಿ ಅಲ್ಲಿ ಒಪೇರಾ ಭವನ ಎದ್ದಿತು. ಸ್ನೋಹೆಟ್ಟಾ ಸಂಸ್ಥೆಯ ವಾಸ್ತುಶಿಲ್ಪಿಗಳು ಇಟಲಿಯ ಕರಾರಾ ಅಮೃತಶಿಲೆ ಹೊದಿಸಿದ ಅದರ ಮಾಡನ್ನು ನೀರಿನಂಚಿನವರೆಗೆ ಇಳಿಜಾರಾಗಿ ಎಳೆದರು. ಯಾರು ಬೇಕಾದರೂ ಅದರ ಮೇಲೆ ನಡೆದುಕೊಂಡು ಹೋಗಿ ತುದಿಯಲ್ಲಿ ಕೂರಬಹುದು. ಒಪೇರಾ ಟಿಕೆಟ್ ಕೊಳ್ಳಲಾಗದವನಿಗೂ ಆ ಕಟ್ಟಡದ ಅತ್ಯುತ್ತಮ ಜಾಗ ಸಿಕ್ಕಿತು. 2010ರಲ್ಲಿ ಹೆದ್ದಾರಿಯನ್ನೇ ನೀರಿನಡಿಯ ಸುರಂಗಕ್ಕೆ ಇಳಿಸಿದರು. ಈಗ ಅಲ್ಲಿ ಬೇಸಿಗೆಯ ಸಂಜೆ ಜನ ಈಜುತ್ತಾರೆ.

ಪಕ್ಕದಲ್ಲೇ ಇರುವ ಡೈಕ್‌ಮನ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ತೆರೆದದ್ದು. ಪುಸ್ತಕಪ್ರೇಮಿಗಳು ಅದರ ಮೇಲಂತಸ್ತಿಗೆ ಹೋಗದೆ ಬರಬಾರದು. ಅಲ್ಲೊಂದು ಪುಟ್ಟ ಕೋಣೆಯಿದೆ, ಗೋಡೆಗಳೆಲ್ಲ ಮರದ ಪದರಗಳು. ಸ್ಕಾಟ್ಲೆಂಡಿನ ಕಲಾವಿದೆ ಕೇಟಿ ಪ್ಯಾಟರ್ಸನ್ 2014ರಲ್ಲಿ ಓಸ್ಲೊ ಹೊರವಲಯದ ನೂರ್‌ಮಾರ್ಕಾ ಕಾಡಿನಲ್ಲಿ ಸಾವಿರ ಸ್ಪ್ರೂಸ್ ಸಸಿ ನೆಡಿಸಿದಳು. ಆ ವರ್ಷದಿಂದ ವರ್ಷಕ್ಕೊಬ್ಬರಂತೆ ಲೇಖಕರು ಒಂದೊಂದು ಕೃತಿ ಬರೆದು ಮುಚ್ಚಿ ಕೊಡುತ್ತಾರೆ. ಯಾರೂ ಓದುವಂತಿಲ್ಲ. 2114ರಲ್ಲಿ ಆ ಮರಗಳನ್ನು ಕಡಿದು, ಅವುಗಳಿಂದಲೇ ಕಾಗದ ಮಾಡಿ, ನೂರು ಪುಸ್ತಕಗಳನ್ನು ಮುದ್ರಿಸಬೇಕೆಂಬುದು ಯೋಜನೆ. ಮೊದಲು ಕೊಟ್ಟವರು ಮಾರ್ಗರೆಟ್ ಆಟ್‌ವುಡ್. ನಂತರ ಎಲಿಫ್ ಶಫಕ್, ಹಾನ್ ಕಾಂಗ್ ಮುಂತಾದವರು ಕೊಟ್ಟರು. ನಮ್ಮ ಅಮಿತಾವ್ ಘೋಷ್ ಹೆಸರೂ ಈಗ ಪಟ್ಟಿಯಲ್ಲಿದೆ. ಹಸ್ತಪ್ರತಿಗಳು ಇರುವುದು ಆ ಕೋಣೆಯ ಗಾಜಿನ ಖಾನೆಗಳಲ್ಲಿ. ಇಂದು ಅಲ್ಲಿಗೆ ಹೋಗುವ ಓದುಗರಲ್ಲಿ ಹೆಚ್ಚಿನವರಿಗೆ ಅವುಗಳ ಒಂದು ಸಾಲೂ ಸಿಗಲಾರದು. ಆದರೂ ಒಂದು ನಗರ ತನ್ನ ಕಾಡನ್ನೂ ಗ್ರಂಥಾಲಯವನ್ನೂ ಇನ್ನೂ ಹುಟ್ಟದ ಓದುಗರಿಗಾಗಿ ಮುಡಿಪಿಟ್ಟಿದೆ. ಇಂಥದ್ದು ಯಾವ ಫಿಯೋರ್ಡ್ ದೋಣಿಯಲ್ಲೂ ಕಾಣಸಿಗದು.

ನೂರ್‌ಮಾರ್ಕಾಕ್ಕೆ ಹೋಗಲು ಪ್ರತ್ಯೇಕ ಟೂರ್ ಬೇಡ. ನಗರದ ನಡುವಿನಿಂದ ಒಂದನೇ ನಂಬರಿನ ಮೆಟ್ರೊ ಹತ್ತಿ ಕೊನೆಯ ನಿಲ್ದಾಣ ಫ್ರೊಗ್ನರ್‌ಸೇಟೆರೆನ್‌ನಲ್ಲಿ ಇಳಿದರೆ ಎದುರಿಗೇ ಕಾಡು. ಚಳಿಗಾಲದಲ್ಲಿ ಅದೇ ಬೋಗಿಗಳಲ್ಲಿ ಜನ ಸ್ಕೀ ಹಲಗೆಗಳನ್ನು ಹಿಡಿದು ನಿಂತಿರುತ್ತಾರೆ. ಖಾಸಗಿ ಒಡೆತನದ ಕಾಡು, ಗುಡ್ಡಗಳಲ್ಲೂ ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಅಡ್ಡಾಡಬಹುದೆಂಬ ಹಳೆಯ ರೂಢಿಗೆ ನಾರ್ವೆ 1957ರಲ್ಲಿ ಕಾನೂನಿನ ಬಲ ಕೊಟ್ಟಿದೆ. ಕೊಲ್ಲಿಯ ದ್ವೀಪಗಳಿಗೆ ಹೋಗುವ ಫೆರಿಗೂ ಬಸ್ಸಿನ ಟಿಕೆಟ್ಟೇ ಸಾಕು. ಹೂವೆಡ್‌ಓಯ ದ್ವೀಪದಲ್ಲಿ ಇಳಿದರೆ 1147ರಲ್ಲಿ ಕಟ್ಟಿದ ಕ್ರೈಸ್ತ ಮಠದ ಅವಶೇಷಗಳು, ಅವುಗಳ ಸುತ್ತ ಬುತ್ತಿ ಬಿಚ್ಚಿ ಕುಳಿತ ಸಂಸಾರಗಳು.

ರಸ್ತೆಗಳ ಬಗ್ಗೆ ಒಂದೇ ಮಾತು: 2019ರಲ್ಲಿ, ಏಳು ಲಕ್ಷದ ಸಮೀಪ ಜನಸಂಖ್ಯೆಯ ಓಸ್ಲೊದಲ್ಲಿ, ವರ್ಷಪೂರ್ತಿ ಒಬ್ಬ ಪಾದಚಾರಿಯೂ ಒಬ್ಬ ಸೈಕಲ್ ಸವಾರನೂ ವಾಹನಕ್ಕೆ ಸಿಕ್ಕಿ ಸಾಯಲಿಲ್ಲ. ಬೆಂಗಳೂರಿನಿಂದ ಹೋದವರು ಆ ಬೀದಿಗಳಲ್ಲಿ ನಡೆದಾಡಿ ಅದು ಹೇಗೆ ಸಾಧ್ಯವಾಯಿತೆಂದು ಕಣ್ಣಾರೆ ನೋಡುವುದೂ ಪ್ರವಾಸವೇ. ನಡುಪೇಟೆಯಲ್ಲಿ ರಸ್ತೆ ಬದಿಯ ನೂರಾರು ಪಾರ್ಕಿಂಗ್ ಜಾಗಗಳನ್ನು ತೆಗೆದುಹಾಕಿ ಅಲ್ಲಿ ಬೆಂಚು, ಸೈಕಲ್ ಹಾದಿ ಮಾಡಿದರು, ವೇಗಮಿತಿ ತಗ್ಗಿಸಿದರು. ಮಂತ್ರ ತಂತ್ರ ಏನೂ ಇಲ್ಲ.

ಭಾರತೀಯರಿಗೆ ಓಸ್ಲೊದಲ್ಲಿ ನಿಲ್ಲಲು ಇನ್ನೊಂದು ಕಾರಣವಿದೆ. ಉಳಿದ ನೊಬೆಲ್ ಪ್ರಶಸ್ತಿಗಳು ಸ್ಟಾಕ್‌ಹೋಮ್‌ನಲ್ಲಿ. ಶಾಂತಿ ಪ್ರಶಸ್ತಿ ಮಾತ್ರ ನೊಬೆಲ್‌ನ ಉಯಿಲಿನಂತೆ ನಾರ್ವೆಯ ಸಂಸತ್ತು ಆರಿಸಿದ ಸಮಿತಿಯ ಕೈಯಲ್ಲಿ. 1979ರಲ್ಲಿ ಮದರ್ ತೆರೇಸಾ ಅದನ್ನು ಪಡೆದದ್ದು ಓಸ್ಲೊ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. 2014ರಲ್ಲಿ ಕೈಲಾಶ್ ಸತ್ಯಾರ್ಥಿ ಪಡೆದದ್ದು ಪುರಭವನದಲ್ಲಿ. ಬಂದರಿಗೆ ಎದುರಾಗಿರುವ ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿ ನೊಬೆಲ್ ಶಾಂತಿ ಕೇಂದ್ರವಿದೆ. ಅಲ್ಲಿಗೆ ಹೋದ ಭಾರತೀಯನ ಮನಸ್ಸಿನಲ್ಲಿ ಏಳುವ ಮೊದಲ ಹೆಸರು ಮಾತ್ರ ಪ್ರಶಸ್ತಿ ಪಡೆಯದವರದ್ದು. ಗಾಂಧಿಯವರ ಹೆಸರು 1937, 1938, 1939, 1947 ಮತ್ತು 1948ರಲ್ಲಿ ಸೂಚಿತವಾಗಿತ್ತು. 1948ರ ಜನವರಿ 30ರಂದು ಅವರ ಹತ್ಯೆಯಾಯಿತು. ಬದುಕಿರುವವರಲ್ಲಿ ಅರ್ಹರಿಲ್ಲವೆಂದು ಸಮಿತಿ ಆ ವರ್ಷ ಯಾರಿಗೂ ಪ್ರಶಸ್ತಿ ಕೊಡಲಿಲ್ಲ. ಆ ತೀರ್ಮಾನ ಆದ ಊರಿನಲ್ಲಿ ನಿಂತು ಅದನ್ನು ನೆನೆಯುವುದು ಬೇರೆಯೇ ಅನುಭವ.

ವಿರೋಧ: ರಜೆ ಕಡಿಮೆ, ದಾರಿ ದೂರ

ಇಷ್ಟೆಲ್ಲ ಒಪ್ಪಿದರೂ ಎದುರು ಬಣದವರು ಕೇಳುವ ಪ್ರಶ್ನೆ ನೇರವಾಗಿದೆ: ನಾರ್ವೆಗೆ ಹೋಗುವುದು ಯಾತಕ್ಕೆ?

ಒಪೇರಾ ಭವನ, ಕಲಾಸಂಗ್ರಹಾಲಯ, ಒಳ್ಳೆಯ ಗ್ರಂಥಾಲಯ ಯುರೋಪಿನ ಹತ್ತಾರು ನಗರಗಳಲ್ಲಿವೆ. ಫಿಯೋರ್ಡ್ ಹಾಗಲ್ಲ. ಹಿಮಯುಗಗಳಲ್ಲಿ ನೀರ್ಗಲ್ಲು ಕೊರೆದ ಕಣಿವೆಗಳಿಗೆ ಸಮುದ್ರ ನುಗ್ಗಿ ಆದ ಈ ಕೊಲ್ಲಿಗಳು ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಇರುವಷ್ಟು ಭವ್ಯವಾಗಿ ಇರುವ ಜಾಗಗಳು ಭೂಮಿಯ ಮೇಲೆ ಕೆಲವೇ. ಸೋಗ್ನೆಫಿಯೋರ್ಡ್ 200 ಕಿಲೋಮೀಟರಿಗೂ ಹೆಚ್ಚು ದೂರ ಒಳನಾಡಿಗೆ ಚಾಚಿದೆ. ಅದರ ಆಳ ಕೆಲವೆಡೆ 1,300 ಮೀಟರ್. ಅದರ ಕವಲಾದ ನೇರೋಯ್‌ಫಿಯೋರ್ಡ್ ಒಂದು ಕಡೆ ಬರೀ 250 ಮೀಟರ್ ಅಗಲ, ಎರಡೂ ಬದಿಗೆ ಆಕಾಶ ಮುಚ್ಚುವ ಬಂಡೆಗೋಡೆ. ಅದನ್ನೂ ಗೈರಂಗರ್‌ಫಿಯೋರ್ಡನ್ನೂ ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೀರಿನ ಮಟ್ಟದಲ್ಲಿರುವ ಫ್ಲಾಮ್‌ನಿಂದ ಹೊರಡುವ ರೈಲು 20 ಕಿಲೋಮೀಟರ್ ದೂರದಲ್ಲಿ 866 ಮೀಟರ್ ಎತ್ತರ ಏರುತ್ತದೆ. ಓಸ್ಲೊ ಇರುವುದೂ ಫಿಯೋರ್ಡ್ ಎಂಬ ಹೆಸರಿನ ಕೊಲ್ಲಿಯ ತಲೆಯಲ್ಲೇ. ಆದರೆ ಅಲ್ಲಿರುವುದು ತಗ್ಗಿನ ಗುಡ್ಡ, ಅಗಲವಾದ ನೀರು. ಅದನ್ನು ನೋಡಿ ಫಿಯೋರ್ಡ್ ನೋಡಿದೆವೆಂದುಕೊಂಡರೆ ಮೋಸ ಹೋದಂತೆ.

ಈ ವಾದಕ್ಕೆ ಉತ್ತರ ಕಷ್ಟ. ವಿರೋಧ ಬಣದ ಅತ್ಯಂತ ಬಲವಾದ ಮಾತು ಇದು.

ಎರಡನೆಯದು ದುಡ್ಡು. ನಾರ್ವೆಯ ಒಂದು ಕ್ರೋನ್ ಎಂಟೊಂಬತ್ತು ರೂಪಾಯಿಯ ಆಸುಪಾಸು. ಒಂದು ಲೋಟ ಕಾಫಿಗೆ 50 ಕ್ರೋನ್, ಒಂದು ಗಂಟೆಯ ಬಸ್ ಟಿಕೆಟ್ಟಿಗೆ 40ಕ್ಕೂ ಮೇಲೆ, ದೊಡ್ಡ ಮ್ಯೂಸಿಯಂಗಳಿಗೆ ತಲೆಗೆ 200ರ ಹತ್ತಿರ. ಹೋಟೆಲಿನಲ್ಲಿ ಕೂತು ಒಂದು ಊಟ ಎಂದರೆ ಅದಕ್ಕೂ ಹೆಚ್ಚು. ಷೆಂಗೆನ್ ವೀಸಾಕ್ಕೆ 2024ರಿಂದ 90 ಯೂರೊ. ಬೆಂಗಳೂರಿನಿಂದ ನೇರ ವಿಮಾನವಿಲ್ಲ; ಹೋಗಿಬರುವುದರಲ್ಲೇ ಹತ್ತಿರ ಹತ್ತಿರ ಎರಡು ದಿನ ಕಳೆಯುತ್ತದೆ. ಓಸ್ಲೊದಿಂದ ಬರ್ಗನ್‌ಗೆ ರೈಲಿನಲ್ಲಿ ಏಳು ಗಂಟೆಯ ಹಾದಿ. ಜೀವಮಾನದಲ್ಲಿ ಒಮ್ಮೆ ಮಾತ್ರ ಇಂಥ ಪ್ರವಾಸಕ್ಕೆ ಹಣ ಕೂಡಿಸುವ ಸಂಸಾರಕ್ಕೆ ನಗರದಲ್ಲಿ ಕಳೆಯುವ ಪ್ರತಿ ದಿನವೂ ಬೆಟ್ಟಗಳಿಂದ ಕಿತ್ತುಕೊಂಡ ದಿನ.

ಮೂರನೆಯದು, ರಾಜಧಾನಿಗಳನ್ನೇ ನೋಡಬೇಕೆಂದರೆ ನೆರೆಯ ಎರಡು ರಾಜಧಾನಿಗಳು ಇದಕ್ಕಿಂತ ಸಂಪನ್ನ. ಸ್ಟಾಕ್‌ಹೋಮ್‌ನಲ್ಲಿ ಹಳೆಯ ಪೇಟೆ ಗಾಮ್ಲಾ ಸ್ಟಾನ್ ಇದೆ, 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿ 1961ರಲ್ಲಿ ಮೇಲೆತ್ತಿದ ವಾಸಾ ಯುದ್ಧನೌಕೆ ಇದೆ. ಕೋಪನ್‌ಹೇಗನ್‌ನಲ್ಲಿ ಅರಮನೆಗಳಿವೆ, 1843ರಿಂದ ನಡೆಯುತ್ತಿರುವ ತಿವೊಲಿ ಮನರಂಜನಾ ಉದ್ಯಾನ ಇದೆ. ಓಸ್ಲೊ ಶತಮಾನಗಳ ಕಾಲ ಬೇರೆಯವರ ಆಳ್ವಿಕೆಯಲ್ಲಿದ್ದ ಸಣ್ಣ ಪಟ್ಟಣ. 1624ರ ಬೆಂಕಿಯಲ್ಲಿ ಮಧ್ಯಯುಗದ ಊರು ಸುಟ್ಟುಹೋಯಿತು; ಡೆನ್ಮಾರ್ಕಿನ ರಾಜ ನಾಲ್ಕನೆಯ ಕ್ರಿಶ್ಚಿಯನ್ ಊರನ್ನು ಆಕೆರ್ಸ್‌ಹೂಸ್ ಕೋಟೆಯ ಬಳಿಗೆ ಸರಿಸಿ ಅದಕ್ಕೆ ತನ್ನದೇ ಹೆಸರಿಟ್ಟ. ಓಸ್ಲೊ ಎಂಬ ಹೆಸರು ಮರಳಿ ಬಂದದ್ದು 1925ರಲ್ಲಿ. ಹಳೆಯ ಮರದ ಮನೆಗಳ ಸಾಲು ನೋಡುವ ಆಸೆಯಿದ್ದರೆ ಬರ್ಗನ್‌ನ ಬ್ರಿಗ್ಗೆನ್‌ಗೇ ಹೋಗಬೇಕು. ಓಸ್ಲೊದ ಹೆಮ್ಮೆಯಾದ ವೈಕಿಂಗ್ ಹಡಗುಗಳನ್ನಂತೂ ಸದ್ಯಕ್ಕೆ ನೋಡುವಂತಿಲ್ಲ: ಬಿಗ್ಡೊಯಿಯ ಮ್ಯೂಸಿಯಂ ವಿಸ್ತರಣೆಗೆಂದು 2022ರಲ್ಲಿ ಮುಚ್ಚಿದೆ, 2027ರಲ್ಲಿ ತೆರೆಯಬೇಕೆಂಬುದು ಯೋಜನೆ.

ಋತುವಿನ ಮಾತೂ ಇದೆ. ಡಿಸೆಂಬರ್ ರಜೆಗೆ ಹೋದವರಿಗೆ ಓಸ್ಲೊದಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಒಂಬತ್ತೂಕಾಲಿಗೆ, ಮುಳುಗುವುದು ಮೂರೂಕಾಲಿನೊಳಗೆ. ಭಾನುವಾರ ಅಂಗಡಿಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿರುತ್ತವೆ.

ಇನ್ನೂ ಆಳದ ಆಕ್ಷೇಪವೊಂದಿದೆ. 2019ರಲ್ಲಿ ‘ಯುರೋಪಿನ ಹಸಿರು ರಾಜಧಾನಿ’ ಎಂಬ ಬಿರುದು ಪಡೆದ ನಗರ ಇದು. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ವಿದ್ಯುತ್ ಕಾರು. ಆದರೆ ಈ ಸಿರಿಯ ಬೇರು 1969ರಲ್ಲಿ ಉತ್ತರ ಸಮುದ್ರದ ಎಕೋಫಿಸ್ಕ್‌ನಲ್ಲಿ ಸಿಕ್ಕ ತೈಲದಲ್ಲಿದೆ. ತನ್ನ ಮನೆಯಲ್ಲಿ ಹೊಗೆ ಬೇಡವೆನ್ನುವ ದೇಶ ಹೊಗೆಯ ಮೂಲವನ್ನು ಹೊರಗಿನವರಿಗೆ ಮಾರುತ್ತದೆ. ಹಾಗಿರುವಾಗ ಓಸ್ಲೊವನ್ನು ಮಾದರಿ ಎಂದು ಹೊಗಳಿ ಅಲ್ಲಿಗೆ ವಿಮಾನ ಹತ್ತುವುದು ಎಷ್ಟು ಸರಿ ಎಂದು ಅವರು ಕೇಳುತ್ತಾರೆ.

ಯಾರಿಗೆ, ಎಷ್ಟು ದಿನ?

ತೈಲದ ಮಾತು ನಿಜ, ಮುಚ್ಚಿಡುವಂಥದ್ದೂ ಅಲ್ಲ. ಆದರೆ ಅದು ಓಸ್ಲೊವನ್ನು ಬಿಟ್ಟು ಫಿಯೋರ್ಡ್‌ಗೆ ಹೋಗಲು ಕಾರಣವಾಗದು. ಪಶ್ಚಿಮದ ಸುರಂಗಗಳನ್ನೂ ಸೇತುವೆಗಳನ್ನೂ ಕಟ್ಟಿದ್ದು ಅದೇ ಸಿರಿವಂತ ದೇಶ. ಫಿಯೋರ್ಡ್‌ಗಳಿಗೂ ತಮ್ಮದೇ ಸಂಕಟವಿದೆ. ಬೇಸಿಗೆಯಲ್ಲಿ ಗೈರಂಗರ್‌ನಂಥ ಪುಟ್ಟ ಹಳ್ಳಿಗೆ ಸಾವಿರಾರು ಜನರನ್ನು ಹೊತ್ತ ಕ್ರೂಸ್ ಹಡಗುಗಳು ಬಂದು ನಿಲ್ಲುತ್ತವೆ. ಪರಂಪರೆಯ ಫಿಯೋರ್ಡ್‌ಗಳಲ್ಲಿ ಹೊಗೆಯುಗುಳುವ ಪ್ರವಾಸಿ ಹಡಗುಗಳು ಬೇಡವೆಂದು ಸಂಸತ್ತು 2018ರಲ್ಲೇ ನಿರ್ಣಯ ಮಾಡಿತ್ತು. ಸಣ್ಣ ಹಡಗುಗಳಿಗೆ ಆ ನಿಯಮ 2026ರಿಂದ ಅನ್ವಯ, ದೊಡ್ಡವುಗಳಿಗೆ 2032ರವರೆಗೆ ಗಡುವು ಸಿಕ್ಕಿದೆ.

ದುಡ್ಡಿನ ವಾದಕ್ಕೆ ಓಸ್ಲೊದಲ್ಲೇ ಅರ್ಧ ಉತ್ತರವಿದೆ. ವಿಗೆಲಾಂಡ್ ತೋಟ, ಒಪೇರಾ ಮಾಡು, ಗ್ರಂಥಾಲಯ, ಕಾಡು, ಕೋಟೆಯ ಅಂಗಳ ಎಲ್ಲಕ್ಕೂ ಪ್ರವೇಶ ಉಚಿತ. ನಲ್ಲಿ ನೀರು ಕುಡಿಯಲು ಯೋಗ್ಯ. ವಿಮಾನ ನಿಲ್ದಾಣದಿಂದ ನಗರಕ್ಕೆ ಎಕ್ಸ್‌ಪ್ರೆಸ್ ರೈಲಿನ ಬದಲು ಸಾಧಾರಣ ರೈಲು ಹತ್ತಿದರೆ ಕೆಲವೇ ನಿಮಿಷ ಹೆಚ್ಚು ಹಿಡಿಯುತ್ತದೆ, ಖರ್ಚು ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಸಸ್ಯಾಹಾರಿಗಳು ಗ್ರೋನ್‌ಲ್ಯಾಂಡ್ ಬಡಾವಣೆಗೆ ಹೋಗಬಹುದು. ಪಾಕಿಸ್ತಾನದಿಂದ ಬಂದು ನೆಲೆಸಿದವರು ಹೆಚ್ಚಾಗಿರುವ ಆ ಭಾಗದ ಅಂಗಡಿಗಳಲ್ಲಿ ಬೇಳೆ, ಅಕ್ಕಿ, ಮಸಾಲೆ ಎಲ್ಲ ಸಿಗುತ್ತವೆ. ಹೋಟೆಲ್ ಕೋಣೆಯ ಬಾಡಿಗೆ ಮಾತ್ರ ತಪ್ಪಿಸಿಕೊಳ್ಳಲಾಗದ ಹೊರೆ.

ಹಾಗಾಗಿ ತೀರ್ಪು ಹೀಗೆ. ನಾರ್ವೆಯಲ್ಲಿ ಐದೇ ದಿನ ಇರುವವರು ಓಸ್ಲೊ ಬಿಟ್ಟು ಪಶ್ಚಿಮಕ್ಕೆ ಹೋಗಲಿ. ವಿರೋಧ ಬಣದ ಮಾತು ಅವರ ಮಟ್ಟಿಗೆ ಪೂರ್ತಿ ಸರಿ. ಎಂಟು ದಿನ ಅಥವಾ ಹೆಚ್ಚು ಇದ್ದು, ಮೇ ತಿಂಗಳಿಂದ ಸೆಪ್ಟೆಂಬರ್ ನಡುವೆ ಹೋಗುವವರು ಎರಡು ಪೂರ್ತಿ ದಿನ ಓಸ್ಲೊದಲ್ಲಿ ಕಳೆಯಲೇಬೇಕು. ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯುವವರಿಗೆ ಇನ್ನೂ ಒಂದು ದಿನ ಹೆಚ್ಚಿದ್ದರೆ ಒಳ್ಳೆಯದು: ಟ್ರಾಮ್, ಬೆಂಚು, ಲಿಫ್ಟು ಎಲ್ಲೆಡೆ ಇರುವ ಆ ಊರು ಅವರಿಗೆ ಗಂಟೆಗಟ್ಟಲೆ ಬಸ್ಸಿನಲ್ಲಿ ಕೂರುವುದಕ್ಕಿಂತ ಹಿತ. ಗುಂಪಿನ ಟೂರಿನಲ್ಲಿ ಹೋಗುವವರು ಹಣ ಕಟ್ಟುವ ಮುನ್ನ ಓಸ್ಲೊದಲ್ಲಿ ರಾತ್ರಿ ತಂಗುವುದಿದೆಯೇ ಎಂದು ಕೇಳಿಕೊಳ್ಳಲಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತೂ ಮುಕ್ಕಾಲಿಗೆ. ಏಳು ಗಂಟೆಗೆ ಊಟ ಮುಗಿದರೂ ಇನ್ನೂ ಸುಮಾರು ನಾಲ್ಕು ಗಂಟೆ ಬೆಳಕಿರುತ್ತದೆ, ಆ ಹೊತ್ತಿನಲ್ಲಿ ಟೂರ್ ಮ್ಯಾನೇಜರ್ ಕಾಯುತ್ತಿರುವುದಿಲ್ಲ.

ವೈಕಿಂಗ್ ಹಡಗುಗಳಿಗಾಗಿಯೇ ಓಸ್ಲೊ ನೋಡಬೇಕೆಂದಿರುವವರಿಗೆ ಒಂದು ವಿನಂತಿ: ಹೊಸ ಮ್ಯೂಸಿಯಂ ತೆರೆಯುವ ದಿನ ಖಚಿತವಾಗುವ ತನಕ ವಿಮಾನದ ಟಿಕೆಟ್ ಕೊಳ್ಳಬೇಡಿ.